ತೂಕ ಏರಿತು, ಕೂಸು ಉಣ್ಣಾಕ ಕಲೀತೇನು?

"ಹಟ ಮಾಡತೈತಿ", "ದೃಷ್ಟಿ ಆಗೇತಿ", "ಅವರವ್ವಗ ಉಣಿಸಾಕ ಬರೂದಿಲ್ಲ". ಊಟ ಒಲ್ಲದ ಕೂಸನ್ನು ಕಂಡಾಗ ನಮ್ಮ ಮಸಗುಪ್ಪಿ ಕಡೆ ಈ ಮೂರು ಮಾತು ಮೊದಲು ಬರುತ್ತವೆ. ಕೂಸಿಗೆ ನುಂಗಾಕ ತ್ರಾಸ ಐತೇನು ಎಂದು ಕೇಳುವವರು ಕಡಿಮೆ.

ಮನೆಯಲ್ಲಿ ರೊಟ್ಟಿ, ಹಾಲು ಎಲ್ಲ ಇದ್ದೂ ಉಣ್ಣಲಾಗದ ಮಕ್ಕಳಿದ್ದಾರೆ. ದಿನ ತುಂಬುವ ಮೊದಲೇ ಹುಟ್ಟಿದವರು, ಸೀಳು ಅಂಗುಳದವರು, ಸೆರೆಬ್ರಲ್ ಪಾಲ್ಸಿ ಅಥವಾ ಆಟಿಸಂ ಇರುವವರು, ಬಹಳ ದಿನ ಮೂಗಿನ ನಳಿಕೆಯಿಂದಲೇ ಹಾಲು ಪಡೆದವರು ಇವರಲ್ಲಿ ಹೆಚ್ಚು. ಇಂಥ ತೊಂದರೆಗೆ ನಾಲ್ಕು ಮುಖಗಳಿವೆ ಎಂದು ತಜ್ಞರು 2019ರಲ್ಲಿ ಹೇಳಿದರು: ಕಾಯಿಲೆ, ಪೋಷಣೆ, ಅಗಿದು ನುಂಗುವ ಕೌಶಲ, ಮನಸ್ಸು ಮತ್ತು ಮನೆಯ ವಾತಾವರಣ. ನಮ್ಮ ವ್ಯವಸ್ಥೆ ಮುಖ್ಯವಾಗಿ ನೋಡುವುದು ಎರಡನೆಯದನ್ನು.

ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ ಎನ್ನುತ್ತಾರೆ. ಅಂಥ ಮಕ್ಕಳಲ್ಲಿ ಬೇರೆ ತೊಡಕೂ ಇರುವವರನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು 14 ದಿನ ತಾಯಿಯೊಂದಿಗೆ ಇರಿಸಿಕೊಳ್ಳುತ್ತಾರೆ. ಅದು ಜೀವ ಉಳಿಸುವ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ನುಂಗಲು ಹೆದರುವ ಕೂಸು 14 ದಿನದಲ್ಲಿ ಊಟ ಕಲಿಯುವುದಿಲ್ಲ. ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು. ನಡುವೆ ಒಂದು ಜ್ವರ ಬಂದರೆ ಕಲಿತದ್ದೂ ಹಿಂದೆ ಸರಿಯುತ್ತದೆ.

ಹೆತ್ತವರ ಅಳತೆಯೇ ಬೇರೆ. ಮನೆಮಂದಿ ಜೊತೆ ಪಂಕ್ತಿಗೆ ಕೂತಿತೇ? ಅಜ್ಜಿ ಕೈಯಿಂದಲೂ ಉಂಡಿತೇ? ಅವ್ವ ಕಬ್ಬಿನ ಹೊಲಕ್ಕೆ ಹೋದ ದಿನ ಉಪವಾಸ ಬಿದ್ದಿಲ್ಲವೇ? ಮದುವೆ ಮನೆಯಲ್ಲಿ ಯಾರೂ ನಗದೆ ಬಿಟ್ಟರೇ? ಇವೆಲ್ಲ ತೂಕದ ಯಂತ್ರದಲ್ಲಿ ಕಾಣುವುದಿಲ್ಲ. ಆದರೂ ಚೇತರಿಕೆ ಎಂದರೆ ಇದೇ, ಇದನ್ನೂ ದಾಖಲೆಯಲ್ಲಿ ಬರೆಯಬೇಕು ಎನ್ನುತ್ತೇವೆ ನಾವು.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕು. ಆ ದಿನ "ಎಷ್ಟು ತೂಕ?" ಎಂಬುದರ ಜೊತೆ "ಹೆಂಗ ಉಣ್ಣತಾನ?" ಎಂದೂ ಕೇಳಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗೆ ಚಿಕಿತ್ಸೆ ಇದೆ. ಆದರೆ ಕೂಲಿ ಬಿಟ್ಟು ಮೈಸೂರಿಗೆ ಎಷ್ಟು ಸಲ ಹೋಗಲಾದೀತು? ತಿಂಗಳಿಗೆ ಒಂದು ದಿನವಾದರೂ ಅಂಥ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬರಬೇಕು.

ನಾವು ಮಾಡಬಹುದಾದದ್ದೂ ಇದೆ. ಮೂಗು ಹಿಡಿದು, ಕೈಕಾಲು ಒತ್ತಿ ಉಣಿಸಬೇಡಿ. ಅದರಿಂದ ಭಯ ಹೆಚ್ಚುತ್ತದೆ, ಅನ್ನ ಶ್ವಾಸನಾಳಕ್ಕೆ ಹೋಗುವ ಅಪಾಯವೂ ಇದೆ. ಉಣ್ಣುವಾಗ ಪದೇ ಪದೇ ಕೆಮ್ಮು ಬಂದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಉಣಿಸುವ ಪಾಳಿಯನ್ನು ಅಪ್ಪನೂ ಹಿಡಿಯಲಿ.

ಮುಂದಿನ ಸಲ ಅಂಥ ಕೂಸು ಕಂಡರೆ, ಅವ್ವನಿಗೆ ಬುದ್ಧಿ ಹೇಳುವ ಮೊದಲು "ನಿನ್ನ ಊಟ ಆತೇನವಾ?" ಎಂದು ಕೇಳಿ.