ಸತ್ಸಂಕಲ್ಪವು ಸತ್ಕಾರ್ಯವಾಗಲಿ

ನಮ್ಮ ಧರ್ಮಕೇಂದ್ರಗಳಲ್ಲಿ ಸದ್ವಿಚಾರಗಳಿಗೆ ಬರವಿಲ್ಲ. ಪಾಲನಾ ಮಂಡಳಿಯ ನಡಾವಳಿ ಪುಸ್ತಕವನ್ನು ತೆರೆದು ನೋಡಿದರೆ ಸಾಕು. ಬಡ ಮಕ್ಕಳಿಗೆ ಸಂಜೆಯ ಪಾಠ, ಕುಡಿತದಿಂದ ಕಂಗೆಟ್ಟ ಕುಟುಂಬಗಳಿಗೆ ಆಸರೆ, ಒಂಟಿ ವೃದ್ಧರ ಮನೆಭೇಟಿ ಎಂದು ಒಂದಕ್ಕಿಂತ ಒಂದು ಚೆಂದದ ಸಂಕಲ್ಪಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಪ್ರತಿಯೊಂದರ ಕೆಳಗೂ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂಬ ಒಕ್ಕಣೆ. ಆದರೆ ಮುಂದಿನ ಪುಟಗಳನ್ನು ಮಗುಚಿದಾಗ ಅವುಗಳಲ್ಲಿ ಹಲವಾರರ ಸುಳಿವೇ ಸಿಗದು. ವಿರೋಧದಿಂದ ಬಿದ್ದುಹೋದ ಯೋಜನೆಗಳು ಕಡಿಮೆ. ಎಲ್ಲರೂ ಒಪ್ಪಿ, ಯಾರೂ ಕೈಗೆತ್ತಿಕೊಳ್ಳದೆ ಬಾಡಿಹೋದವುಗಳೇ ಹೆಚ್ಚು.

ಇದನ್ನು ಕೇವಲ ಆಡಳಿತದ ಕೊರತೆಯೆಂದು ಭಾವಿಸುವಂತಿಲ್ಲ. ಕರಾವಳಿಯ ಊರುಗಳಲ್ಲಿ ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿ ರಾಷ್ಟ್ರಗಳಿಗೋ ತೆರಳಿದ ಬಳಿಕ ತಂದೆ ಅಥವಾ ತಾಯಿ ಒಬ್ಬರೇ ಉಳಿದಿರುವ ಮನೆಗಳು ಎಷ್ಟೋ ಇವೆ. ಹಣಕ್ಕೆ ಅಲ್ಲಿ ಕೊರತೆಯಿಲ್ಲದಿರಬಹುದು, ಮಾತನಾಡಿಸುವವರಿಗೆ ಕೊರತೆ. 'ಚರ್ಚಿನಿಂದ ಯಾರಾದರೂ ಬರುತ್ತಾರೆ' ಎಂದು ಒಮ್ಮೆ ಹೇಳಿ ಹೋದ ಮೇಲೆ ಯಾರೂ ಬಾರದಿದ್ದರೆ, ಆ ಹಿರಿಯ ಜೀವಕ್ಕೆ ಮೊದಲಿಗಿಂತ ಹೆಚ್ಚಿನ ನೋವಾಗುತ್ತದೆ. ಈಡೇರದ ಸಂಕಲ್ಪವು ಭರವಸೆಯ ಭಂಗವೂ ಆಗುತ್ತದೆ ಎಂಬುದನ್ನು ನಾವು ಮರೆಯಲಾಗದು.

ಈ ಸಂದರ್ಭದಲ್ಲಿ 1617ನೇ ಇಸವಿಯ ಒಂದು ಘಟನೆ ಮನನಯೋಗ್ಯವಾಗಿದೆ. ಫ್ರಾನ್ಸ್ ದೇಶದ ಶಾತಿಯೋಂ ಎಂಬ ಸಣ್ಣ ಊರಿನಲ್ಲಿ ಸಂತ ವಿನ್ಸೆಂಟ್ ದೆ ಪೌಲರು ಗುರುಗಳಾಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ಬಲಿಪೂಜೆಗೆ ಅಣಿಯಾಗುತ್ತಿದ್ದಾಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ರೋಗದಿಂದ ಮಲಗಿದ್ದಾರೆಂದೂ ನೋಡಿಕೊಳ್ಳುವವರಿಲ್ಲವೆಂದೂ ಸುದ್ದಿ ಬಂತು. ಪ್ರಬೋಧನೆಯಲ್ಲಿ ಅವರು ಅದನ್ನೇ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಆ ಮನೆಯ ದಾರಿಯಲ್ಲಿ ಜನರ ಮೆರವಣಿಗೆಯೇ ಹೊರಟಿತ್ತು. ಇಂದಿನ ಯಾವ ಗುರುವಾದರೂ ತನ್ನ ಮಾತಿಗೆ ದೊರೆತ ಫಲವನ್ನು ಕಂಡು ಧನ್ಯತೆಯಿಂದ ಮನೆಗೆ ಮರಳಬಹುದಾಗಿತ್ತು. ವಿನ್ಸೆಂಟರು ಮಾತ್ರ ಬೇರೆಯೇ ಒಂದು ಸಂಗತಿಯನ್ನು ಗಮನಿಸಿದರು: ಇಂದು ಒಮ್ಮೆಲೇ ಬಂದು ಬಿದ್ದ ಆಹಾರ ಕೆಟ್ಟುಹೋಗುವುದು, ನಾಳೆ ಆ ಕುಟುಂಬ ಮತ್ತೆ ಹಸಿಯುವುದು. ಇಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕ್ರಮಕ್ಕೆ ಕೊರತೆಯಿತ್ತು.

ಮೂರು ದಿನಗಳೊಳಗೆ ಅವರು ಕೆಲವು ಸ್ತ್ರೀಯರನ್ನು ಸೇರಿಸಿದರು. ಸರದಿಯಂತೆ ದಿನಕ್ಕೊಬ್ಬರು ಅಡುಗೆ ಮಾಡಿ ರೋಗಿಗಳಿಗೆ ಒಯ್ಯಬೇಕೆಂದು ನಿಶ್ಚಯವಾಯಿತು. ಖಜಾಂಚಿಯೊಬ್ಬರ ನೇಮಕವಾಯಿತು. ಅದೇ ವರ್ಷದ ಡಿಸೆಂಬರ್ 8ರಂದು ಸಂಘವು ವಿಧ್ಯುಕ್ತವಾಗಿ ಸ್ಥಾಪನೆಗೊಂಡಿತು. ಅದರ ನಿಯಮಾವಳಿಯಲ್ಲಿ ಒಂದು ಸೂಕ್ಷ್ಮವಿದೆ. ಜೊತೆಗೆ ಯಾರಾದರೂ ಇರುವ ರೋಗಿಯ ಬಳಿಗೆ ಮೊದಲು ಹೋಗಬೇಕು, ಒಂಟಿಯಾಗಿರುವವರ ಬಳಿಗೆ ಕೊನೆಯಲ್ಲಿ ಹೋಗಬೇಕು. ಏಕೆಂದರೆ ಆಗ ಅವರೊಡನೆ ಹೆಚ್ಚು ಹೊತ್ತು ಕುಳಿತಿರಬಹುದು. ನಿಯಮವೆಂದರೆ ಹೃದಯಹೀನವೆಂದು ತಿಳಿಯುವವರು ಈ ನಿಯಮವನ್ನು ಗಮನಿಸಬೇಕು. ಕರುಣೆಯೇ ಇಲ್ಲಿ ಕ್ರಮದ ರೂಪ ತಾಳಿದೆ. ವಿನ್ಸೆಂಟರು ಆ ಊರಿನಲ್ಲಿದ್ದುದು ಸುಮಾರು ಐದು ತಿಂಗಳು ಮಾತ್ರ. ಅವರು ಹೋದರು, ಕೆಲಸ ನಿಲ್ಲಲಿಲ್ಲ.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣಕ್ಕೆ ಮೂರು ಕ್ರಿಯೆಗಳನ್ನು ಹೇಳಿದ್ದಾರೆ. ಮೊದಲನೆಯದು ಆಲೋಚನೆ, ಎರಡನೆಯದು ನಿರ್ಣಯ, ಮೂರನೆಯದು ಆಜ್ಞೆ. ಅಂದರೆ ನಿರ್ಣಯಿಸಿದ್ದನ್ನು ಕಾರ್ಯಕ್ಕೆ ಹಚ್ಚುವುದು. ಈ ಮೂರರಲ್ಲಿ ಕೊನೆಯದೇ ಪ್ರಧಾನವೆಂದು ಅವರ ಅಭಿಮತ. ಚೆನ್ನಾಗಿ ಚಿಂತಿಸಿ, ಸರಿಯಾಗಿ ತೀರ್ಮಾನಿಸಿ, ಅಲ್ಲಿಗೇ ನಿಂತವನನ್ನು ಪೂರ್ಣ ವಿವೇಕಿಯೆನ್ನಲಾಗದು. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಅನೇಕ ಸಭೆಗಳು ಎರಡನೆಯ ಮೆಟ್ಟಿಲಲ್ಲೇ ಚಹಾ ಕುಡಿದು ಚದುರಿಹೋಗುತ್ತಿವೆ.

'ಧರ್ಮಸಭೆಯೇನು ಕಚೇರಿಯೇ? ಪವಿತ್ರಾತ್ಮರ ಕಾರ್ಯಕ್ಕೆ ಪಟ್ಟಿ, ಲೆಕ್ಕ, ಗಡುವುಗಳ ಬಂಧನವೇಕೆ?' ಎಂದು ಕೆಲವು ಭಕ್ತರು ಕೇಳುವುದುಂಟು. ಈ ಪ್ರಶ್ನೆಗೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಉತ್ತರವಿದೆ. ದಿನನಿತ್ಯದ ವಿತರಣೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರು ಕಡೆಗಣಿಸಲ್ಪಡುತ್ತಿದ್ದಾರೆಂಬ ದೂರು ಬಂದಾಗ ಪ್ರೇಷಿತರು ಸಾಂತ್ವನದ ಮಾತಾಡಿ ಸುಮ್ಮನಾಗಲಿಲ್ಲ. ಎಲ್ಲವನ್ನೂ ತಾವೇ ಮಾಡುವೆವೆಂದೂ ಹೊರಡಲಿಲ್ಲ. ಪವಿತ್ರಾತ್ಮಭರಿತರೂ ಜ್ಞಾನಿಗಳೂ ಆದ ಏಳು ಮಂದಿಯನ್ನು ಆರಿಸುವಂತೆ ಸಮುದಾಯಕ್ಕೇ ಹೇಳಿದರು. ಆ ಏಳು ಮಂದಿಯ ಹೆಸರುಗಳನ್ನು ಸಂತ ಲೂಕರು ಒಂದೊಂದಾಗಿ ಬರೆದಿಟ್ಟಿದ್ದಾರೆ. ಹೊಣೆಗೆ ಹೆಸರು ಬೇಕು. 'ಎಲ್ಲರೂ ಸೇರಿ ಮಾಡೋಣ' ಎಂಬ ಮಾತಿನಲ್ಲಿ ಯಾರ ಹೆಸರೂ ಇರುವುದಿಲ್ಲ.

ಹಣವಿಲ್ಲವೆಂಬುದು ಇನ್ನೊಂದು ನೆಪ. 1833ರಲ್ಲಿ ಫ್ರೆಡೆರಿಕ್ ಓಜನಾಮರೂ ಅವರ ಗೆಳೆಯರೂ ಪ್ಯಾರಿಸ್ಸಿನಲ್ಲಿ ಬಡವರ ಸೇವೆಗೆ ತೊಡಗಿದಾಗ ಓಜನಾಮರಿಗೆ ಇಪ್ಪತ್ತೇ ವರ್ಷ. ಬಡವರ ಮನೆಗಳ ಪರಿಚಯವಿದ್ದ ಧರ್ಮಭಗಿನಿ ರೊಸಾಲಿಯವರನ್ನು ಆಶ್ರಯಿಸಿ, ಅವರು ತೋರಿಸಿದ ಕೆಲವೇ ಕುಟುಂಬಗಳಿಂದ ಆರಂಭಿಸಿದರು. ಅದುವೇ ಇಂದು ನಮ್ಮ ಅನೇಕ ಚರ್ಚುಗಳಲ್ಲೂ ಇರುವ ಸಂತ ವಿನ್ಸೆಂಟ್ ದೆ ಪೌಲ್ ಸಭೆ. ನಮ್ಮ ಮಂಗಳೂರಿನಲ್ಲೇ 1880ರಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರರು ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದರು. ಹತ್ತು ವರ್ಷಗಳ ಬಳಿಕ ಕುಷ್ಠರೋಗಿಗಳಿಗೆ ಆಶ್ರಯತಾಣವಾಯಿತು. 1910ರಲ್ಲಿ ಅವರು ತೀರಿಕೊಂಡ ಮೇಲೂ ಬೆಳೆದು ಅದು ಇಂದು ವೈದ್ಯಕೀಯ ಕಾಲೇಜನ್ನೊಳಗೊಂಡ ಸಂಸ್ಥೆಯಾಗಿದೆ. ಅವರು ಕಾಲೇಜಿಗಾಗಿ ಕಾಯುತ್ತಾ ಕುಳಿತಿದ್ದರೆ ಔಷಧಾಲಯವೂ ಆಗುತ್ತಿರಲಿಲ್ಲ.

ಮೂರನೆಯ ಅಡ್ಡಿಯನ್ನು ನಾವು ಗುರುಗಳು ನೇರವಾಗಿ ಎದುರಿಸಬೇಕು. ಎಷ್ಟೋ ಕಾರ್ಯಗಳು ಗುರುವಿನ ಉತ್ಸಾಹದಿಂದ ಹುಟ್ಟಿ, ಗುರುವಿನ ವರ್ಗಾವಣೆಯೊಂದಿಗೆ ಮುಗಿಯುತ್ತವೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿಯನ್ನು ಕಡ್ಡಾಯಗೊಳಿಸಿತು. ಪಾಲನಾ ಮಂಡಳಿಯನ್ನು ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟಿತು. ಸಿನೋಡಿನ 2024ರ ಅಂತಿಮ ದಸ್ತಾವೇಜು ಒಂದು ಹೆಜ್ಜೆ ಮುಂದೆ ಹೋಗಿ, ಇಂತಹ ಮಂಡಳಿಗಳು ಎಲ್ಲೆಡೆ ಕಡ್ಡಾಯವಾಗಬೇಕೆಂದೂ, ಕೈಗೊಂಡ ಕಾರ್ಯಗಳ ಲೆಕ್ಕ ಒಪ್ಪಿಸಿ ಮೌಲ್ಯಮಾಪನ ಮಾಡಬೇಕೆಂದೂ ಕೋರಿದೆ. 2021ರಿಂದ ನಾವು ಸಿನೋಡಿನ ಹೆಸರಿನಲ್ಲಿ ಬಹಳಷ್ಟು ಆಲಿಸಿದೆವು. ಆಲಿಸಿದ್ದು ಆಚರಣೆಗೆ ಬಾರದಿದ್ದರೆ ಅದೂ ನಡಾವಳಿ ಪುಸ್ತಕದ ಇನ್ನೊಂದು ಪುಟವಷ್ಟೇ.

ಆದುದರಿಂದ ನಮ್ಮದೊಂದು ವಿನಂತಿ. ಮುಂದಿನ ಸಭೆಯಲ್ಲಿ ಹತ್ತು ನಿರ್ಣಯಗಳು ಬೇಡ, ಒಂದು ಸಾಕು. ಉದಾಹರಣೆಗೆ, ಒಂಟಿ ವೃದ್ಧರ ಭೇಟಿಯನ್ನೇ ತೆಗೆದುಕೊಳ್ಳೋಣ. ಪ್ರತಿ ವಾಳೆಯ ಗುರಿಕಾರರು ಎರಡು ವಾರಗಳೊಳಗೆ ಅಂಥ ಮನೆಗಳ ಪಟ್ಟಿ ಮಾಡಲಿ. ಪ್ರತಿ ಮನೆಗೂ ಇಬ್ಬರ ಹೆಸರು, ವಾರದ ಒಂದು ದಿನ ಗೊತ್ತಾಗಲಿ. 1973ರಿಂದಲೇ ಧರ್ಮಸಭೆಯು ಯೋಗ್ಯ ಶ್ರೀಸಾಮಾನ್ಯರಿಗೂ ಅನುಮತಿಯೊಂದಿಗೆ ಪರಮಪ್ರಸಾದವನ್ನು ಒಯ್ಯುವ ಸೇವೆಯನ್ನು ತೆರೆದಿಟ್ಟಿದೆ. ಅದನ್ನೂ ಇದರೊಂದಿಗೆ ಜೋಡಿಸಬಹುದು. ಮೂರು ತಿಂಗಳ ಬಳಿಕ ಇದೇ ಮಂಡಳಿಯಲ್ಲಿ ಎಷ್ಟು ಮನೆಗಳಿಗೆ ಹೋದೆವು, ಎಲ್ಲಿ ತಪ್ಪಿತು ಎಂಬುದನ್ನು ಕೇಳಲಿ. ಈ ಪ್ರಶ್ನೆ ಕೇಳುವುದು ಯಾರನ್ನೂ ಅವಮಾನಿಸಲಲ್ಲ, ಆರಂಭಶೂರತ್ವಕ್ಕೆ ಮದ್ದು ಅದೊಂದೇ.

ತೋಟಕ್ಕೆ ಹೋಗುವೆನೆಂದು ಹೇಳಿ ಹೋಗದ ಮಗನನ್ನೂ, ಹೋಗೆನೆಂದು ಹೇಳಿ ಹೋದ ಮಗನನ್ನೂ ಪ್ರಭು ಯೇಸು ನಮ್ಮ ಮುಂದೆ ನಿಲ್ಲಿಸಿದ್ದಾರೆ. ತಂದೆಯ ಚಿತ್ತವನ್ನು ನೆರವೇರಿಸಿದವರಾರು ಎಂಬುದಷ್ಟೇ ಅವರ ಪ್ರಶ್ನೆ. ಸರ್ವಾನುಮತದಿಂದ ಅಂಗೀಕರಿಸಿದ ನಮಗೂ ಆ ಪ್ರಶ್ನೆ ತಪ್ಪಿದ್ದಲ್ಲ. ಈ ವಾರ ನಮ್ಮ ನೆರೆಯ ಒಂದು ಬಾಗಿಲನ್ನಾದರೂ ತಟ್ಟಿ ಉತ್ತರ ಕೊಡೋಣ.