‘ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?’

ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗ ಹುಡುಗಿಯರಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಕೆಲಸಕ್ಕೆ ಹತ್ತಿರದ ಏರಿಯಾ ನೋಡ್ಕೋ, ಕಾವೇರಿ ನೀರು ಬರುತ್ತಾ ಕೇಳು, ರಾತ್ರಿ ಬೀದಿದೀಪ ಉರಿಯುತ್ತಾ ನೋಡು. ಒಳ್ಳೆಯ ಮಾತೇ. ಆದರೆ ನಮ್ಮ ಕೇರಿಯ ಮಕ್ಕಳು ಏರಿಯಾ ಆರಿಸಿಕೊಳ್ಳುವ ಮೊದಲೇ ಏರಿಯಾ ಅವರ ಜಾತಿ ಕೇಳುತ್ತದೆ ಎಂಬುದನ್ನು ಈ ಬುದ್ಧಿವಂತರು ಹೇಳುವುದಿಲ್ಲ.

ಹೇಗೆ ಕೇಳುತ್ತದೆಂಬುದು ನಮಗೆ ಬಾಯಿಪಾಠ. ‘ಟು ಲೆಟ್’ ಬೋರ್ಡು ನೋಡಿ ಗೇಟು ತಟ್ಟುತ್ತೇವೆ. ಮನೆಯೊಡತಿ ನಗುತ್ತಲೇ ಬೀಗ ತೆಗೆದು ತೋರಿಸುತ್ತಾರೆ. ಬಾಡಿಗೆ ಇಷ್ಟು, ಅಡ್ವಾನ್ಸು ಹತ್ತು ತಿಂಗಳದು. ಒಪ್ಪಿಕೊಳ್ಳುತ್ತೇವೆ. ಆಮೇಲೆ ಶುರು: ‘ಯಾವೂರಪ್ಪ? ತಂದೆ ಹೆಸರೇನು? ಮನೇಲಿ ಯಾವ ದೇವ್ರು ಮಾಡ್ತೀರಿ? ವೆಜ್ಜಾ, ನಾನ್ ವೆಜ್ಜಾ?’ ಇಷ್ಟಾದರೂ ತಿಳಿಯದಿದ್ದರೆ ಕೊನೆಯ ಬಾಣ: ‘ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?’ ಸಂಜೆಯೊಳಗೆ ಫೋನು. ‘ನಮ್ಮ ತಮ್ಮನ ಮಗ ಬರ್ತಾ ಇದಾನೆ, ಮನೆ ಕೊಡೋಕಾಗಲ್ಲ.’ ಬೋರ್ಡು ಮಾತ್ರ ಮುಂದಿನ ತಿಂಗಳೂ ಅಲ್ಲೇ ತೂಗುತ್ತಿರುತ್ತದೆ.

ಇದು ಹೊಸದೇನಲ್ಲ. 1917ರಲ್ಲಿ ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದಿ ಬಂದು ಬರೋಡ ಸಂಸ್ಥಾನದ ನೌಕರಿಗೆ ಸೇರಿದರು. ಕಚೇರಿಯಲ್ಲಿ ಹುದ್ದೆ ಇತ್ತು, ಊರಲ್ಲಿ ತಲೆಮರೆಸಲು ಸೂರಿರಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ಛತ್ರದಲ್ಲಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಹೊರಹಾಕಿದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ ಇಬ್ಬರೂ ಜಾಗ ಕೊಡಲಿಲ್ಲ. ಸಾರ್ವಜನಿಕ ಉದ್ಯಾನದಲ್ಲಿ ಕೂತು ಹೊತ್ತು ಕಳೆದು ರಾತ್ರಿಯ ರೈಲಿಗೆ ಬೊಂಬಾಯಿಗೆ ಹೊರಟರು. ನೂರು ವರ್ಷ ದಾಟಿದೆ. ದೊಣ್ಣೆಯ ಜಾಗಕ್ಕೆ ಫೋನು ಬಂದಿದೆ. 2015ರಲ್ಲಿ ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿಯ ಸುತ್ತಮುತ್ತ ಬಾಡಿಗೆ ಮನೆಗಳನ್ನು ಕುರಿತು ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು: ಮೇಲ್ಜಾತಿಯವರಿಗೆ ತೆರೆದ ಬಾಗಿಲು ದಲಿತರಿಗೆ, ಅವರಿಗಿಂತಲೂ ಹೆಚ್ಚಾಗಿ ಮುಸ್ಲಿಮರಿಗೆ ಮುಚ್ಚಿಕೊಳ್ಳುತ್ತದೆ.

‘ಮನೆ ನಮ್ದು, ನಮ್ಮಿಷ್ಟ’ ಅನ್ನುತ್ತಾರೆ. ಆಗಲಿ ಸ್ವಾಮಿ. ಆ ಮನೆಯ ಪಾಯ ತೋಡಿದವರು ಯಾರು? ಸಿಮೆಂಟು ಮೂಟೆ ಕಾಯುತ್ತ ಸೈಟಿನ ಶೆಡ್ಡಿನಲ್ಲಿ ಕೂಸು ಮಲಗಿಸಿಕೊಂಡವಳು ಯಾರು? ಮೋರಿ ಕಟ್ಟಿಕೊಂಡರೆ ಕರೆಯುವುದು ಯಾರನ್ನು? ಗೃಹಪ್ರವೇಶದ ತನಕ ಮೈಲಿಗೆಯಾಗದ ಮನೆ ನಾವು ಬಾಡಿಗೆ ಕೊಟ್ಟು ಒಳಗೆ ಬಂದರೆ ಹೇಗೆ ಮೈಲಿಗೆಯಾಗುತ್ತದೆ? ಅಡುಗೆಯ ವಾಸನೆ ಅನ್ನುವುದೂ ನೆಪವೇ. ಬಾಡೂಟ ಮಾಡುವ ಮಾಲೀಕರೂ ನಮ್ಮ ಜಾತಿ ಕೇಳಿದ ಮೇಲೆ ಬಾಗಿಲು ಹಾಕಿಕೊಳ್ಳುವುದನ್ನು ನಾವು ಕಂಡಿದ್ದೇವೆ.

ಹಾಗಾದರೆ ನಮಗೆ ಉಳಿಯುವುದು ಎಲ್ಲಿ? ನಗರದ ಅಂಚು, ಇಲ್ಲವೇ ಕೊಳೆಗೇರಿ. ಅಲ್ಲಾದರೂ ನೆಮ್ಮದಿ ಇದೆಯೇ? 2013ರ ಜನವರಿಯಲ್ಲಿ ಕೋರಮಂಗಲದ ಪಕ್ಕದ ಈಜಿಪುರದಲ್ಲಿ ಸುಮಾರು 1,500 ಬಡ ಕುಟುಂಬಗಳ ಮನೆಗಳ ಮೇಲೆ ಬುಲ್ಡೋಜರು ಹರಿಯಿತು. ಅಕ್ಕಪಕ್ಕದ ದೊಡ್ಡ ಮನೆಗಳಲ್ಲಿ ಪಾತ್ರೆ ತೊಳೆದು ಬದುಕುತ್ತಿದ್ದವರಿಗೆ ಆ ಏರಿಯಾದಲ್ಲಿ ಕೆಲಸ ಇತ್ತು, ಇರಲು ಜಾಗ ಇರಲಿಲ್ಲ.

ಕಾನೂನು ಏನು ಹೇಳುತ್ತದೆ? 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ವಾಸಿಸುವುದಕ್ಕೆ ತಡೆ ಒಡ್ಡುವುದು ಅಪರಾಧ. 12ನೇ ಕಲಂ ಇನ್ನೂ ಮುಂದೆ ಹೋಗುತ್ತದೆ: ತಡೆಯಲ್ಪಟ್ಟವರು ಪರಿಶಿಷ್ಟ ಜಾತಿಯವರಾದರೆ, ಬೇರೆ ಸಾಬೀತಾಗುವವರೆಗೆ ಕಾರಣ ಅಸ್ಪೃಶ್ಯತೆಯೇ ಎಂದು ನ್ಯಾಯಾಲಯ ಭಾವಿಸಬೇಕು. ಆದರೆ ‘ತಮ್ಮನ ಮಗ ಬರ್ತಾನೆ’ ಅಂದವರ ಮೇಲೆ ಕೇಸು ಹಾಕುವವರು ಎಷ್ಟು ಜನ? ಸುಪ್ರೀಂ ಕೋರ್ಟು ಕೂಡ 2005ರಲ್ಲಿ, ಅಹಮದಾಬಾದಿನ ಸಹಕಾರಿ ಗೃಹನಿರ್ಮಾಣ ಸಂಘವೊಂದು ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಕೊಡುವುದು ತಪ್ಪಲ್ಲ ಎಂದಿತು. ಹೀಗೆ ಅಗ್ರಹಾರಕ್ಕೆ ರಿಜಿಸ್ಟರ್ ನಂಬರೂ ಸಿಕ್ಕಂತಾಯಿತು.

ಈಗ ನಮ್ಮವರ ಮಾತು. ಮನೆ ಸಿಗಲೆಂದು ಹೆಸರು ತಿರುಚಿಕೊಂಡವರು, ‘ನಾವು ಬೇರೆ ಜನ’ ಅಂದುಕೊಂಡು ಬಾಬಾಸಾಹೇಬರ ಫೋಟೋವನ್ನು ಟ್ರಂಕಿನಲ್ಲಿ ಮುಚ್ಚಿಟ್ಟವರು ನಮ್ಮಲ್ಲಿದ್ದಾರೆ. ಅವರನ್ನು ಬಯ್ಯಲು ನಮಗೆ ನಾಲಗೆ ಏಳುವುದಿಲ್ಲ. ಊರಿಂದ ಬಂದ ಅವ್ವನಿಗೆ, ‘ಪಕ್ಕದ ಮನೆಯವರ ಹತ್ರ ಮಾತಾಡಬೇಡವ್ವಾ’ ಎಂದು ಹೇಳುವ ಮಗನ ಸಂಕಟ ಏನೆಂದು ಬಲ್ಲೆವು. ಆದರೆ ಮೀಸಲಾತಿಯಲ್ಲಿ ನೌಕರಿ ಹಿಡಿದು, ಎರಡಂತಸ್ತಿನ ಮನೆ ಕಟ್ಟಿ, ಮೇಲಿನ ಮನೆಗೆ ಬಂದವರನ್ನು ‘ಎಡಗೈಯಾ, ಬಲಗೈಯಾ?’ ಎಂದು ಕೇಳುವ, ಸಾಬರಾದರೆ ಬೇಡ ಅನ್ನುವ ನಮ್ಮ ಅಧಿಕಾರಿಗಳನ್ನು ಬಿಡುವಂತಿಲ್ಲ. ಹೊಡೆಸಿಕೊಂಡ ಕೈಯೇ ದೊಣ್ಣೆ ಹಿಡಿದರೆ ಚಳವಳಿಗೆ ಅರ್ಥವೇನು?

ಮೇಷ್ಟರೇ, ಮಕ್ಕಳನ್ನು ಊರಿಂದ ಕಳಿಸುವಾಗ ಆ 4ನೇ ಕಲಮನ್ನೂ ಬಾಯಿಪಾಠ ಮಾಡಿಸಿ ಕಳಿಸಿ. ವಿದ್ಯಾರ್ಥಿ ಗೆಳೆಯರೇ, ಮನೆ ನಿರಾಕರಿಸಿದವರ ತಾರೀಖು, ಮಾತು, ಸಾಕ್ಷಿ ಬರೆದಿಡಿ. ಒಬ್ಬೊಬ್ಬರೇ ಹೋಗಬೇಡಿ, ಸಂಘಟನೆಯ ಜೊತೆ ಠಾಣೆಗೆ ಹೋಗಿ. ಊರಿಂದ ಬಂದವರು ಮೊದಲ ಆರು ತಿಂಗಳು ಉಳಿಯಲು ಸರ್ಕಾರಿ ಬಾಡಿಗೆ ವಸತಿಗಳು ಬೇಕೆಂದು ಕೇಳೋಣ. ಮನೆ ಕಟ್ಟಿಕೊಂಡ ನಮ್ಮವರು ‘ಜಾತಿ ಕೇಳುವುದಿಲ್ಲ’ ಎಂದು ಬೋರ್ಡಿನ ಮೇಲೆ ಬರೆಯಲಿ.

ಊರ ಹೊರಗಿನ ಕೇರಿ ಬಿಟ್ಟು ನಾವು ನಗರಕ್ಕೆ ಬಂದದ್ದು ನಗರದ ಹೊರಗಿನ ಕೇರಿಯಲ್ಲಿ ಇರುವುದಕ್ಕಲ್ಲ. ಯಾವ ಪೈಕಿ ಎಂದು ಕೇಳಿದರೆ ಇನ್ನು ಮುಂದೆ ತಲೆ ಎತ್ತಿ ಹೇಳೋಣ. ಹೇಳಿದ ಮೇಲೂ ಆ ಗೇಟಿನ ಮುಂದಿಂದ ಕದಲದೆ ನಿಲ್ಲೋಣ.