ಕೆಂಗಣ್ಣಿಗೂ ಬೆನ್ನಿಗೂ ಏನು ನಂಟು?

ಡೊಂಬಿವಲಿಯಿಂದ ಮುಂಬಯಿಯ ಕಚೇರಿಗೆ ದಿನವೂ ಲೋಕಲ್ ಗಾಡಿಯಲ್ಲಿ ನಿಂತೇ ಹೋಗಿಬರುವ ತರುಣನೊಬ್ಬ ಬೆನ್ನುನೋವೆಂದರೆ ಮನೆಯವರು ಗಾಡಿಯನ್ನು ದೂರುತ್ತಾರೆ. ಒಂದು ವಾರ ರಜೆ ಹಾಕಿ ಮಲಗೆನ್ನುತ್ತಾರೆ. ಆದರೆ ಮಲಗಿದಷ್ಟೂ ಹೆಚ್ಚುವ, ನಡೆದಾಡಿದರೆ ಇಳಿಯುವ, ಎದ್ದ ಮೇಲೂ ಅರ್ಧ ಗಂಟೆಗೆ ಮೀರಿ ಬೆನ್ನನ್ನು ಮರಗಟ್ಟಿಸುವ ನೋವು 3 ತಿಂಗಳಿಗೂ ಮಿಕ್ಕಿ ನಿಂತರೆ, ಅದನ್ನು ದಣಿವೆಂದು ತಳ್ಳಿಹಾಕುವುದು ತರವಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನೆಲುಬಿನ ಉರಿಯೂತದ ಶಂಕೆಗೆ ಅಲ್ಲಿ ಎಡೆಯುಂಟು. (ವಯಸ್ಸಾದವರ ಕುತ್ತಿಗೆಯ ಸ್ಪಾಂಡಿಲೋಸಿಸ್ ಬೇರೆಯೇ ವ್ಯಾಧಿ, ಹೆಸರಿನ ಹೋಲಿಕೆಯಿಂದ ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ.)

ಈ ರೋಗದ ಹೆಸರಿನಲ್ಲಿ ಬೆನ್ನಿದೆ. ರೋಗ ಮಾತ್ರ ಬೆನ್ನಿನಲ್ಲಷ್ಟೇ ನಿಲ್ಲುವುದಿಲ್ಲ. ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಂದಾದರೊಮ್ಮೆ ಕಣ್ಣಿನೊಳಗೇ ಉರಿಯೂತ ಕಾಣಿಸಿಕೊಳ್ಳುತ್ತದೆ. ಇದನ್ನು ಯುವಿಯೈಟಿಸ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೇ ಕಣ್ಣು ಕೆಂಪಾಗಿ ನೋಯುತ್ತದೆ, ಬೆಳಕನ್ನು ಸಹಿಸದು, ನೋಟ ಮಂಜಾಗುತ್ತದೆ, ಗೀಜು ಕಟ್ಟುವುದಿಲ್ಲ. ನಮ್ಮ ಜನ ಇದನ್ನೂ ‘ಮದ್ರಾಸ್ ಐ’ ಎಂದೇ ಬಗೆದು ಔಷಧದಂಗಡಿಯಿಂದ ಯಾವುದೋ ಹನಿ ತಂದು ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ಕಣ್ಣಿನ ಪಾಪೆಯ ಅಂಚು ಹಿಂದಣ ಮಸೂರಕ್ಕೆ ಅಂಟಿಕೊಳ್ಳಬಹುದು. ಕಣ್ಣೊಳಗಿನ ಒತ್ತಡ ಏರಿ ದೃಷ್ಟಿಗೆ ಶಾಶ್ವತವಾದ ಕುಂದು ಒದಗಬಹುದು. ಅದೇ ದಿನ ನೇತ್ರವೈದ್ಯರನ್ನು ಕಂಡರೆ, ಪಾಪೆಯನ್ನು ಹಿಗ್ಗಿಸುವ ಹನಿಯೂ ಸ್ಟಿರಾಯ್ಡ್ ಹನಿಯೂ ಬಹುತೇಕ ಕಣ್ಣನ್ನು ಉಳಿಸಿಕೊಡುತ್ತವೆ.

ಎಚ್‌ಎಲ್‌ಎ-ಬಿ27 ಎಂಬ ವಂಶಗತ ಗುರುತಿಗೂ ಈ ಬೆನ್ನಿನ ವ್ಯಾಧಿಗೂ ಇರುವ ಸಂಬಂಧ ತಿಳಿದುಬಂದದ್ದು 1973ರಲ್ಲಿ. ಕಣ್ಣಿನ ಈ ಉರಿಯೂತಕ್ಕೂ ಅದೇ ಗುರುತಿನ ನಂಟೆಂದು ಪ್ರಕಟವಾದದ್ದೂ ಅದೇ ವರ್ಷ. (ಗುರುತುಳ್ಳವರಲ್ಲಿ ಬಹುಪಾಲು ಜನರಿಗೆ ರೋಗವೇ ಬರುವುದಿಲ್ಲವೆಂಬುದೂ ನಿಜ.) ಪ್ರಯೋಗಶಾಲೆ ಅರ್ಧ ಶತಮಾನದ ಹಿಂದೆಯೇ ಕಂಡುಕೊಂಡ ಈ ಬಾಂಧವ್ಯ ಆಸ್ಪತ್ರೆಯ ಒಂದು ಕೊಠಡಿಯಿಂದ ಪಕ್ಕದ ಕೊಠಡಿಗೆ ಇನ್ನೂ ಸರಿಯಾಗಿ ನಡೆದುಬಂದಿಲ್ಲ. ಕಣ್ಣಿನವರು ಬೆನ್ನನ್ನು ಕೇಳುವುದಿಲ್ಲ, ಮೂಳೆಯವರು ಹೊಟ್ಟೆಯನ್ನು ಕೇಳುವುದಿಲ್ಲ. ತಲೆಯ ಹೊಟ್ಟೆಂದು ಎಣ್ಣೆ ತಿಕ್ಕಿಸಿಕೊಂಡದ್ದು ಸೋರಿಯಾಸಿಸ್ ಆಗಿರಬಹುದೆಂದು ರೋಗಿಗೂ ಹೊಳೆಯುವುದಿಲ್ಲ.

ಹೀಗೆ ಕೇಳದಿರುವುದರಿಂದ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಕರುಳಿನ ಉರಿಯೂತವಿದ್ದು ಆಗಾಗ ರಕ್ತಮಿಶ್ರಿತ ಭೇದಿಯಾಗುವವನಿಗೆ ಬೆನ್ನಿಗೆಂದು ಕೊಟ್ಟ ನೋವಿನ ಗುಳಿಗೆಯೇ ಕರುಳನ್ನು ಕೆರಳಿಸಬಹುದು. ಇಂದಿನ ದುಬಾರಿ ಜೈವಿಕ ಚುಚ್ಚುಮದ್ದುಗಳಲ್ಲಿ ಎಟಾನರ್ಸೆಪ್ಟ್ ಕರುಳಿನ ರೋಗಕ್ಕೆ ಉಪಯೋಗವಿಲ್ಲ. ಸೆಕುಕಿನುಮಾಬ್ ಅದನ್ನು ಉಲ್ಬಣಗೊಳಿಸಬಹುದು. ಅಡಾಲಿಮುಮಾಬ್ ಬೆನ್ನು, ಕಣ್ಣು, ಕರುಳು ಮೂರಕ್ಕೂ ಒದಗುತ್ತದೆ. ಆದರೆ ಅದಕ್ಕೆ ಮುನ್ನ ಮೈಯಲ್ಲಿ ಅಡಗಿರಬಹುದಾದ ಕ್ಷಯವನ್ನು ಪರೀಕ್ಷಿಸಲೇಬೇಕು. ನಮ್ಮ ದೇಶದಲ್ಲಿ ಇದು ಕೇವಲ ಉಪಚಾರದ ಮಾತಲ್ಲ. ಇನ್ನು ಮಹಾಪಧಮನಿಯ ಕವಾಟ ಸೋರುವುದು ವಿರಳ. ಮೂಳೆ ಟೊಳ್ಳಾಗುವುದು ಅಷ್ಟು ವಿರಳವಲ್ಲ. ಸೆಟೆದು ಬೆಸೆದ ಬೆನ್ನೆಲುಬು ಸಣ್ಣ ಬೀಳಿಗೂ ಮುರಿಯಬಹುದು.

ಹೊರರೋಗಿಗಳ ನೂಕುನುಗ್ಗಲಿನಲ್ಲಿ ವೈದ್ಯರಿಗೆ ಇಷ್ಟೆಲ್ಲ ಕೇಳಲು ಪುರಸೊತ್ತೆಲ್ಲಿ ಎನ್ನುವವರಿದ್ದಾರೆ. ಕಣ್ಣು ಕೆಂಪಾಗಿ ನೋಯುತ್ತಿತ್ತೆ, ಭೇದಿಯಲ್ಲಿ ರಕ್ತವಿತ್ತೆ, ಚರ್ಮದಲ್ಲಿ ಹೊಪ್ಪಳೆ ಏಳುತ್ತಿತ್ತೆ — ಈ ಮೂರಕ್ಕೆ ಅರ್ಧ ನಿಮಿಷ ಸಾಕು. ಅಲ್ಲಿಯವರೆಗೆ ರೋಗಿಯೇ ಎಲ್ಲ ಚೀಟಿಗಳನ್ನೂ ಒಂದೇ ಕಡತದಲ್ಲಿಟ್ಟು ಪ್ರತಿಯೊಬ್ಬ ವೈದ್ಯರ ಮುಂದೆಯೂ ಬಿಚ್ಚುವುದು ಲೇಸು. ಕನ್ನಡ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಹಿರಿಯರ ಸಕ್ಕರೆ, ರಕ್ತದೊತ್ತಡಗಳನ್ನು ಅಳೆಯುವ ಮೇಜಿನ ಪಕ್ಕದಲ್ಲಿ, ಕುರ್ಚಿ ಜೋಡಿಸುತ್ತಿರುವ ಹುಡುಗರನ್ನು ಕೂರಿಸಿ ಬೆಳಗಿನ ಬೆನ್ನಿನ ಸಂಗತಿ ವಿಚಾರಿಸಲು ಇನ್ನೊಂದು ಮೇಜನ್ನೂ ಹಾಕಬಹುದು.